ನಾಯನ ಕೂಗಿದ ಹೆಸರು

ಹೋದ ತಿಂಗಳು ತರಬೇತಿಗೆಂದು ಚಳ್ಳಕೆರೆಗೆ ಹೋಗಿದ್ದೆ. ಬಸ್ಸು ಊರೊಳಗೆ ತಿರುಗುತ್ತಿದ್ದಂತೆಯೇ ಕಿಟಕಿಯಿಂದ ಶೇಂಗಾ ಹಿಂಡಿಯ ವಾಸನೆ ನುಗ್ಗಿತು. ಎಣ್ಣೆ ಮಿಲ್ಲುಗಳು ಈಗ ಮೊದಲಿನಷ್ಟಿಲ್ಲ. ಎಷ್ಟೋ ಮಿಲ್ಲುಗಳ ಗೇಟಿಗೆ ಬೀಗ ಬಿದ್ದು ಒಳಗೆಲ್ಲ ಜಾಲಿ ಬೆಳೆದಿದೆ. ಆದರೂ ಎಲ್ಲೋ ಒಂದು ಓಡುತ್ತಿರಬೇಕು. ಹುರಿದ ಕಾಯಿ, ಬಿಸಿ ಎಣ್ಣೆ, ಕೆಂದೂಳು ಮೂರೂ ಬೆರೆತ ಅದೇ ವಾಸನೆ. ಪಕ್ಕದಲ್ಲಿದ್ದ ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಮುಖ ಬಿಸಿಯಾಯಿತು. ಇಷ್ಟು ವರ್ಷ ಕಳೆದ ಮೇಲೂ ಆ ವಾಸನೆಗೆ ನನ್ನ ತಲೆ ತಗ್ಗಿಸುವ ಶಕ್ತಿ ಉಳಿದಿದೆ ಎಂದು ನಾನು ಅಂದುಕೊಂಡಿರಲಿಲ್ಲ.

ಆಗ ನಾನು ಚಳ್ಳಕೆರೆಯಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದೆ. ಕಾಲೇಜಿನ ಹುಡುಗಿಯರ ಕಬಡ್ಡಿ ತಂಡಕ್ಕೆ ನಾನೇ ಕ್ಯಾಪ್ಟನ್. ಕಾಲೇಜಿಗೆ ಸರಿಯಾದ ಮೈದಾನ ಇರಲಿಲ್ಲ. ಮಿಲ್ಲಿನ ಸಾಹುಕಾರರೊಬ್ಬರು ಶೇಂಗಾ ಒಣಹಾಕುವ ತಮ್ಮ ಅಂಗಳವನ್ನು ಸಂಜೆ ಹೊತ್ತು ನಮಗೆ ಬಿಟ್ಟುಕೊಟ್ಟಿದ್ದರು. ಸುಣ್ಣದ ಗೆರೆ ಎಳೆದುಕೊಂಡು ಅಲ್ಲೇ ಅಭ್ಯಾಸ. ಆಟ ಮುಗಿಸಿ ಹಾಸ್ಟೆಲಿಗೆ ಹೋಗಿ ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಜಡೆಯಲ್ಲಿ ಹಿಂಡಿ ವಾಸನೆ ಉಳಿಯುತ್ತಿತ್ತು. ಹಿಂದಿನ ವರ್ಷ ನಾವು ಕಪ್ ಗೆದ್ದಾಗ ಅದೇ ಸಾಹುಕಾರರು ಖುಷಿಯಾಗಿ ಎಲ್ಲರಿಗೂ ನೀಲಿ ಜರ್ಸಿ ಹೊಲಿಸಿಕೊಟ್ಟಿದ್ದರು. ಬೆನ್ನ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ ಅವರವರ ಹೆಸರು. ನನ್ನದರಲ್ಲಿ ‘ಲಕ್ಷ್ಮಿ’ ಎಂದು ಬರೆದಿತ್ತು.

ತಂಡದಲ್ಲಿ ಎಷ್ಟು ಜನ ಇದ್ದರೂ ಊರವರಿಗೆ ಗೊತ್ತಿದ್ದದ್ದು ಇಬ್ಬರೇ. ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವ ರೈಡಿಂಗಿಗೆ ನಾನು. ಬಂದವರನ್ನು ಮೂಲೆಯಲ್ಲಿ ನಿಂತು ಪಾದ ಹಿಡಿದು ಕೆಡಹುವುದಕ್ಕೆ ರುಕ್ಸಾನಾ. ಉಳಿದವರು ನಮ್ಮಿಬ್ಬರ ನಡುವೆ ಕೈ ಕೈ ಹಿಡಿದು ನಿಲ್ಲುವವರು ಅಷ್ಟೆ. ನಮ್ಮ ಪಿ.ಟಿ. ಮೇಷ್ಟ್ರು ತಿಪ್ಪೇಸ್ವಾಮಿ ಸರ್ ಕೂಡ ಬೇರೆ ಯೋಚನೆ ಮಾಡಿದವರಲ್ಲ. ಆಟ ಬಿಗಿಯಾದಾಗ ಅವರು ಗೆರೆಯ ಆಚೆ ನಿಂತು, “ಲಕ್ಷ್ಮಿ, ನೀನೇ ಹೋಗವ್ವ” ಅನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಹಿಗ್ಗು.

ನನ್ನ ಊರು ಮೊಳಕಾಲ್ಮುರು. ಮನೆಯಲ್ಲಿ ರೇಷ್ಮೆ ಸೀರೆ ನೇಯುವ ಕಸುಬು, ಆಡುವ ಮಾತು ತೆಲುಗು. ಅಪ್ಪನನ್ನು ನಾವು ‘ನಾಯನಾ’ ಅಂತಲೇ ಕರೆಯುವುದು. ನಾನು ಚಡ್ಡಿ ಹಾಕಿಕೊಂಡು ಊರೂರು ತಿರುಗಿ ಕಬಡ್ಡಿ ಆಡುವುದು ನಮ್ಮ ಬೀದಿಯಲ್ಲಿ ಯಾರಿಗೂ ಸರಿ ಕಂಡಿರಲಿಲ್ಲ. ಅದರಲ್ಲೂ ನನ್ನ ಸೋದರಮಾವ ನಾರಾಯಣಪ್ಪನಿಗೆ. ಪ್ರತಿ ಹಬ್ಬಕ್ಕೂ ಅವನದು ಅದೇ ಮಾತು. “ಬಾವಾ, ಹೆಣ್ಣುಮಗು ಕೈಕಾಲು ಮುರಕೊಂಡು ಬಂದ್ರೆ ಯಾರ್ ಮಾಡ್ಕೋತಾರೆ? ಮಗ್ಗ ತುಳಿಯೋಕಾದ್ರೂ ಕಾಲು ಬೇಕಲ್ಲ?” ನಾಯನ ಲಾಳಿ ಎಸೆಯುವ ಕೈ ನಿಲ್ಲಿಸದೆ ಉತ್ತರ ಕೊಡುತ್ತಿದ್ದ. “ನನ್ನ ಮಗಳ ಕಾಲು ಮುರಿಯೋನು ಇನ್ನೂ ಹುಟ್ಟಿಲ್ಲ ಬಿಡಪ್ಪ.” ಆ ಒಂದು ಮಾತಿನ ಬಲದ ಮೇಲೆ ನಾನು ಆಡುತ್ತಿದ್ದೆ.

ಆ ವರ್ಷ ಆಷಾಢದ ಗಾಳಿ ಶ್ರಾವಣ ಮುಗಿದರೂ ನಿಲ್ಲಲಿಲ್ಲ. ಎಳೆದ ಸುಣ್ಣದ ಗೆರೆ ಆಟ ಮುಗಿಯುವಷ್ಟರಲ್ಲಿ ಹಾರಿಹೋಗುತ್ತಿತ್ತು. ಕಣ್ಣಿಗೆ ದೂಳು, ಬಾಯಿಗೆ ದೂಳು, ‘ಕಬಡ್ಡಿ ಕಬಡ್ಡಿ’ ಅನ್ನುವಾಗ ಹಲ್ಲಿನಡಿ ಮರಳು ಕಟಕಟ. ಗಣೇಶನ ಹಬ್ಬಕ್ಕೆ ಮುಂಚೆ ಹಿರಿಯೂರಿನಲ್ಲಿ ಆಡುವಾಗ ರುಕ್ಸಾನಾ ಒಬ್ಬಳನ್ನು ಹಿಡಿದಳು. ಹಿಡಿದವಳ ಮೇಲೆ ಮತ್ತಿಬ್ಬರು ಬಿದ್ದರು. ಎದ್ದಾಗ ಅವಳ ಎಡಭುಜ ಜೋತುಬಿದ್ದಿತ್ತು. ಕಾಲರ್ ಬೋನ್ ಮುರಿದಿದೆ ಎಂದರು ಡಾಕ್ಟರು. ಆದರೆ ಅವಳು ಹಿಡಿದವಳನ್ನು ಬಿಟ್ಟಿರಲಿಲ್ಲ. ಪಾಯಿಂಟು ನಮ್ಮದೇ. ಜೋಳಿಗೆಯಂತೆ ಕೈ ಕಟ್ಟಿಸಿಕೊಂಡು ಕಾಲೇಜಿಗೆ ಬಂದವಳನ್ನು ಹುಡುಗರೂ ದಾರಿ ಬಿಟ್ಟು ನೋಡಿದರು. ಒಂದು ಗೌರವ ಇತ್ತು ಆ ಪೆಟ್ಟಿಗೆ.

ನನ್ನದಕ್ಕೆ ಅದೂ ಇರಲಿಲ್ಲ.

ಹಬ್ಬ ಮುಗಿದ ಮೇಲೆ ರಾಂಪುರದಲ್ಲಿ ಒಂದು ಸ್ನೇಹಪಂದ್ಯ ಇತ್ತು. ಹಿಂದಿನ ದಿನ ಸಣ್ಣಗೆ ಮಳೆ ಬಿದ್ದು ಎರೆನೆಲ ಅಂಟಂಟಾಗಿತ್ತು. ನಾನು ರೈಡಿಗೆ ಹೋದೆ, ಯಾರೂ ಹತ್ತಿರ ಬರಲಿಲ್ಲ, ಸುಮ್ಮನೆ ಹಿಂದಕ್ಕೆ ತಿರುಗಿದೆ. ಪಾದ ನೆಲದಲ್ಲೇ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಮಗ್ಗದಲ್ಲಿ ಬಿಗಿದ ಹುರಿ ಹರಿದರೆ ಬರುತ್ತದಲ್ಲ, ಅಂಥ ಒಂದು ಸದ್ದು ಎಡಮಂಡಿಯೊಳಗಿಂದ ಬಂತು. ಬಿದ್ದೆ. ಎದುರಾಳಿ ಹುಡುಗಿಯರು ನಾನೇನೋ ನಾಟಕ ಆಡುತ್ತಿದ್ದೇನೆಂದು ದೂರವೇ ನಿಂತರು.

ತಿಪ್ಪೇಸ್ವಾಮಿ ಸರ್ ಓಡಿ ಬಂದು ಕೇಳಿದರು, “ಯಾರ್ ಹಿಡಿದ್ರವ್ವ?”

“ಯಾರೂ ಹಿಡೀಲಿಲ್ಲ ಸರ್.”

“ಮತ್ತೆ ಏನಾಯ್ತು?”

ಆಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವಾರ್ಡನ್ ಕೇಳಿದರು, ಕ್ಲಾಸಿನವರು ಕೇಳಿದರು, ಹಾಸ್ಟೆಲಿನ ಅಡುಗೆಯ ಸಣ್ಣಕ್ಕನೂ ಕೇಳಿದಳು. ಯಾರ ಕೈಗೂ ಸಿಗದ ಲಕ್ಷ್ಮಿ ಯಾರೂ ಮುಟ್ಟದೆಯೇ ಬಿದ್ದಳು ಎಂದು ಹೇಳುವಾಗ ಪ್ರತಿ ಸಲವೂ ನಾಲಿಗೆ ತೊಡರುತ್ತಿತ್ತು. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿರಬೇಕು, ದೊಡ್ಡ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ, ಆಪರೇಷನ್ ಬೇಕಾಗಬಹುದು ಎಂದು ಡಾಕ್ಟರು ಹೇಳಿದರು. ಮನೆಗೆ ತಿಳಿಸಿದೆಯಾ ಎಂದು ಸರ್ ಕೇಳಿದಾಗ ಹೂಂ ಅಂದೆ. ತಿಳಿಸಿರಲಿಲ್ಲ. ಫೋನ್ ಹಿಡಿದಾಗಲೆಲ್ಲ ನಾರಾಯಣಪ್ಪ ಮಾವನ ಮುಖ ಕಾಣುತ್ತಿತ್ತು. ನಾಯನ ತಲೆ ತಗ್ಗಿಸಿ ಲಾಳಿ ಎಸೆಯುವುದೂ ಕಾಣುತ್ತಿತ್ತು.

ಹಾಸ್ಟೆಲಿನಲ್ಲಿ ನಿಜವಾದ ಕಷ್ಟ ಶುರುವಾಯಿತು. ಅಲ್ಲಿದ್ದದ್ದು ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ನನಗೆ ಮಂಡಿ ಮಡಚಲು ಆಗುತ್ತಿರಲಿಲ್ಲ. ಮೊದಲ ದಿನ ಗೋಡೆ ಹಿಡಿದು ನಿಂತು ಅತ್ತುಬಿಟ್ಟೆ, ನೀರು ಕುಡಿಯುವುದನ್ನೇ ಬಿಟ್ಟೆ. ಅದನ್ನು ಕಂಡುಹಿಡಿದವಳು ಪಾಲಮ್ಮ.

ಪಾಲಮ್ಮ ಆ ವರ್ಷವಷ್ಟೇ ತಂಡಕ್ಕೆ ಬಂದಿದ್ದ ಜೂನಿಯರ್. ಚಳ್ಳಕೆರೆ ಹತ್ತಿರದ ಒಂದು ಹಟ್ಟಿಯವಳು, ಮನೆಯಲ್ಲಿ ಕುರಿ ಸಾಕುತ್ತಿದ್ದರು. ನನ್ನಷ್ಟೇ ಎತ್ತರ, ನನ್ನಂತೆಯೇ ಕಡ್ಡಿ ಮೈ, ಸೊಂಟದವರೆಗೆ ಜಡೆ. ಆದರೆ ಸ್ವಭಾವದಲ್ಲಿ ನಮಗಿಬ್ಬರಿಗೂ ಅಜಗಜಾಂತರ. ಊಟಕ್ಕೆ ಕೂತರೆ ಮೂರನೆಯ ಸಲ ಮುದ್ದೆ ಹಾಕಿಸಿಕೊಂಡು ತಟ್ಟೆ ನೆಕ್ಕುವಳು. ಕ್ಲಾಸಿನಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಜೋರಾಗಿ ಹೇಳುವಳು. ಅವಳಿಗೆ ನಾಚಿಕೆ ಅನ್ನುವುದೇ ಗೊತ್ತಿರಲಿಲ್ಲ. ನಾನು ಅವಳನ್ನು ಅಭ್ಯಾಸದಲ್ಲಿ ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಂಡವಳಲ್ಲ. ಅವಳಿಗೆ ಜರ್ಸಿಯೂ ಇರಲಿಲ್ಲ, ಅಣ್ಣನ ಹಳೆಯ ಬನಿಯನ್ನಿನಲ್ಲಿ ಆಡುತ್ತಿದ್ದಳು.

ಅವಳು ಅಡುಗೆಮನೆಯಿಂದ ಚಾಕು ಕಾಯಿಸಿ ತಂದು, ಒಂದು ಮುರುಕಲು ಪ್ಲಾಸ್ಟಿಕ್ ಕುರ್ಚಿಯ ನಡುಭಾಗವನ್ನು ಗುಂಡಗೆ ಕೊಯ್ದು ಕಕ್ಕಸಿನ ಮೇಲೆ ಇಟ್ಟಳು. “ಬಾರಕ್ಕ, ರಾಣಿ ಥರ ಕುತ್ಕ” ಅಂದಳು. ನಾನು ಒಲ್ಲೆ ಅಂದೆ. ಅವಳು ನನ್ನ ತೋಳು ತನ್ನ ಹೆಗಲಿಗೆ ಹಾಕಿಕೊಂಡು ಕರೆದುಕೊಂಡೇ ಹೋದಳು. ಕೂರಿಸಿದಳು, ಹೊರಗೆ ನಿಂತು ಹಾಡು ಹೇಳಿದಳು, ಎಬ್ಬಿಸಿದಳು, ನನ್ನ ಲಂಗದ ಲಾಡಿ ಕಟ್ಟಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

“ಯಾಕಕ್ಕ ಹಂಗ್ ಮಾಡ್ತೀಯ? ಕುರಿ ಈಯಿಸಿದ ಕೈ ಇದು. ನಿಂದೇನ್ ಅದ್ಕಿಂತ ಹೆಚ್ಚೈತಾ?”

ನಗಬೇಕಿತ್ತು ನಾನು. ಬದಲಿಗೆ ಅವಳ ಮೇಲೆ ಸಿಟ್ಟು ಬಂತು. ದಿನವೂ ಅವಳ ಹೆಗಲ ಮೇಲೆ ತೂಗಿಕೊಂಡು ಹೋಗುತ್ತ, ನನ್ನನ್ನು ಈ ಸ್ಥಿತಿಯಲ್ಲಿ ನೋಡಿದವಳು ಇವಳೊಬ್ಬಳೇ, ಇವಳು ನನ್ನ ಕಣ್ಣಿಗೆ ಬೀಳದಿದ್ದರೆ ಸಾಕು ಅನ್ನಿಸುತ್ತಿತ್ತು.

ಅತ್ತ ತಂಡದ್ದು ಬೇರೆ ಪಾಡು. ಆ ವರ್ಷದ ಕಪ್ಪಿಗೆ ಇನ್ನೂ ಎರಡು ಸುತ್ತಿನ ಆಟ ಉಳಿದಿತ್ತು, ಕೊನೆಯದು ಮೊಳಕಾಲ್ಮುರಿನಲ್ಲಿ. ನಾವಿಬ್ಬರು ಬಿದ್ದ ಮೇಲೆ ಹೆಸರು ವಾಪಸ್ ತೆಗೆದುಕೊಳ್ಳೋಣ ಎಂದು ಕಾಲೇಜಿನಲ್ಲಿ ಮಾತು ಬಂತು. ಮರುದಿನ ಸಂಜೆ ತಿಪ್ಪೇಸ್ವಾಮಿ ಸರ್ ಮಿಲ್ಲಿನ ಅಂಗಳದಲ್ಲಿ ಎಲ್ಲರನ್ನೂ ನೆಲದ ಮೇಲೆ ಕೂರಿಸಿದರು. ನನಗೂ ರುಕ್ಸಾನಾಳಿಗೂ ಹಿಂಡಿ ಚೀಲಗಳ ಮೇಲೆ ಜಾಗ.

“ನೋಡ್ರವ್ವ, ಪಾಯಿಂಟ್ ತರೋರು ನಮ್ಮಲ್ಲಿ ಈಗ ಇಲ್ಲ,” ಅಂದರು. “ಅದಕ್ಕೆ ಪಾಯಿಂಟ್ ತರಕ್ಕೆ ಹೋಗೋದೇ ಬೇಡ. ಕಳಕೊಳ್ಳೋದ್ ಬೇಡ, ಅಷ್ಟೆ.”

ಅವರ ಯೋಚನೆ ಸರಳವಾಗಿತ್ತು. ಎರಡು ಸಲ ರೈಡು ಖಾಲಿ ಬಂದರೆ ತಪ್ಪಿಲ್ಲ, ಮೂರನೆಯ ಸಲ ಮಾತ್ರ ಪಾಯಿಂಟು ತರಲೇಬೇಕು, ಇಲ್ಲದಿದ್ದರೆ ಹೋದವರು ಔಟ್. ಅದು ನಿಯಮ. ಹಾಗಾಗಿ ಮೊದಲ ಎರಡು ರೈಡಿಗೆ ಯಾರಾದರೂ ಹೋಗಿ, ಎದುರಾಳಿಯ ಅಂಕಣದ ಒಳಗೆರೆ ದಾಟಿ, ಉಸಿರು ಹಿಡಿದು ಹೊತ್ತು ಕಳೆದು ಸುಮ್ಮನೆ ವಾಪಸ್ ಬರುವುದು. ಮೂರನೆಯದಕ್ಕೆ ಪಾಲಮ್ಮ. ಅವಳ ಉಸಿರು ಉದ್ದ, ಭಯ ಇಲ್ಲ. ಇನ್ನು ಹಿಡಿಯುವುದಕ್ಕೆ ರುಕ್ಸಾನಾಳಂಥ ಒಬ್ಬಳು ಇಲ್ಲದ ಮೇಲೆ ಒಬ್ಬೊಬ್ಬರೇ ಕೈ ಹಾಕುವುದು ಬೇಡ. ಎಲ್ಲರೂ ಒಟ್ಟಿಗೆ ಮುಚ್ಚಿಕೊಳ್ಳಬೇಕು. ಯಾವಾಗ ಎಂದು ರುಕ್ಸಾನಾ ಹೊರಗಿನಿಂದ ಕೂಗುತ್ತಾಳೆ.

ರುಕ್ಸಾನಾ ಆ ಕೆಲಸವನ್ನು ಹಚ್ಚಿಕೊಂಡಳು. ಕೈ ಜೋಳಿಗೆಯಲ್ಲಿದ್ದರೂ ಗೆರೆಯ ಉದ್ದಕ್ಕೂ ಓಡಾಡಿ, “ಈಗ! ಈಗ ಮುಚ್ಚು!” ಎಂದು ಅರಚಿ ಅರಚಿ ಗಂಟಲು ಕಟ್ಟಿಸಿಕೊಂಡಳು. ನನಗೆ ಪಾಲಮ್ಮನಿಗೆ ಕಲಿಸುವ ಕೆಲಸ ಕೊಟ್ಟರು. ಕಲಿಸಲು ಹೋದರೆ ನನಗೇ ಏನೂ ಗೊತ್ತಿಲ್ಲ ಅನ್ನಿಸಿತು. ನಾನು ಆಡಿದ್ದೆಲ್ಲ ಕಾಲಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟು, “ಅಂಗಲ್ಲಕ್ಕ, ಸರ್ಯಾಗ್ ಹೇಳು” ಅಂದಾಗ ತಡವರಿಸುತ್ತಿದ್ದೆ.

ಮುಂದಿನ ಸುತ್ತನ್ನು ಅವರು ಗೆದ್ದರು. ನಾನು ಹೋಗಿರಲಿಲ್ಲ. ಸಂಜೆ ಹಾಸ್ಟೆಲಿನ ಕಾಂಪೌಂಡಿನಲ್ಲಿ ಗಲಾಟೆ ಕೇಳಿ ಕಿಟಕಿಗೆ ಬಂದೆ. ಸರ್ ಯಾರಿಗೋ ಹೇಳುತ್ತಿದ್ದರು. “ಒಂದ್ ಲೆಕ್ಕದಲ್ಲಿ ಒಳ್ಳೇದೇ ಆಯ್ತು ಸಾರ್. ಲಕ್ಷ್ಮಿ ಇದ್ದಾಗ ನಮ್ದು ಒಬ್ಬಳ ಟೀಮು. ಈಗ ನೋಡ್ರಿ, ಎಲ್ಲಾರೂ ಆಡ್ತಾವ್ರೆ.” ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸುಳ್ಳೂ ಅಲ್ಲ. ನಾನು ಕಿಟಕಿ ಮುಚ್ಚಿ ಹಾಸಿಗೆಯ ಮೇಲೆ ಕೂತೆ. ಮಂಡಿಗಿಂತ ಹೆಚ್ಚಾಗಿ ಎದೆಯಲ್ಲಿ ಏನೋ ಹರಿದಂತಾಗಿತ್ತು.

ಕೊನೆಯ ಪಂದ್ಯಕ್ಕೆ ನಾನು ಬರಲೇಬೇಕೆಂದು ಸರ್ ಹಟ ಹಿಡಿದರು. “ನೀನು ಬೆಂಚಲ್ಲಿ ಪ್ಯಾಂಟ್ ಹಾಕ್ಕೊಂಡು ಸುಮ್ನೆ ಕೂತ್ಕವ್ವ, ಬ್ಯಾಂಡೇಜ್ ಕಾಣಬಾರದು. ಯಾವಾಗ ಎದ್ದು ಬರ್ತಾಳೋ ಅಂತ ಅವ್ರು ಹೆದರ್ಕೊಂಡಿರಲಿ.” ನನ್ನ ಊರಿನಲ್ಲೇ, ನಮ್ಮ ಬೀದಿಯವರ ಮುಂದೆ. ಫೋನಿನಲ್ಲಿ ನಾಯನನಿಗೆ ಹೇಳಿದೆ, ದೀಪಾವಳಿ ಸೀರೆಗಳ ಕೆಲಸ ಇರುತ್ತೆ, ಮಗ್ಗ ಬಿಟ್ಟು ಬರಬೇಡ ಎಂದು. ಅವನು ನಕ್ಕ. “ಮಗ್ಗ ಎಲ್ಲಿಗೂ ಓಡಿಹೋಗಲ್ಲ. ಬೀದಿಯವ್ರೆಲ್ಲ ಬರ್ತೀವಿ. ನಿಮ್ ಮಾವನ್ನೂ ಕರ್ಕೊಂಡು ಬರ್ತೀನಿ, ನೋಡ್ಲಿ ಅವನೂ.”

ಹೊರಡುವ ದಿನ ಬೆಳಿಗ್ಗೆ ಸರ್ ನನ್ನ ಜರ್ಸಿ ಕೇಳಿದರು. ಕೊನೆಯ ಪಂದ್ಯದಲ್ಲಿ ಬನಿಯನ್ನಿನಲ್ಲಿ ಆಡಿದರೆ ರೆಫರಿಗಳು ತಕರಾರು ಮಾಡುತ್ತಾರಂತೆ. ಟ್ರಂಕಿನಿಂದ ತೆಗೆದು ಪಾಲಮ್ಮನಿಗೆ ಕೊಟ್ಟೆ. ಅವಳು ಹಾಕಿಕೊಂಡು ಕನ್ನಡಿಯಲ್ಲಿ ಬೆನ್ನು ನೋಡಿಕೊಂಡು, “ಇವತ್ತು ನಾನೇ ಲಕ್ಷ್ಮಿ ನೋಡಕ್ಕ” ಎಂದು ಕುಣಿದಳು. ನಾನು ಬೇರೆ ಅಂಗಿಯ ಮೇಲೆ ಟ್ರ್ಯಾಕ್‌ಸೂಟಿನ ಕೋಟು ಹಾಕಿ ಜಿಪ್ಪನ್ನು ಕತ್ತಿನವರೆಗೆ ಏರಿಸಿಕೊಂಡೆ.

ಮೊಳಕಾಲ್ಮುರಿನ ಮೈದಾನದ ಹಿಂದೆ ಬಂಡೆಗಳ ಗುಡ್ಡ. ಮಧ್ಯಾಹ್ನದ ಬಿಸಿಲಿಗೆ ಆ ಬಂಡೆಗಳು ಒಲೆಯ ಹಾಗೆ ಕಾಯುತ್ತವೆ. ಅಂಕಣದ ಆ ತುದಿಯಲ್ಲಿ ನಮ್ಮ ಬೀದಿಯವರೆಲ್ಲ ಟವೆಲ್ ತಲೆಗೆ ಹಾಕಿಕೊಂಡು ಸಾಲಾಗಿ ಕೂತಿದ್ದರು. ನಡುವೆ ನಾಯನ, ಪಕ್ಕದಲ್ಲಿ ನಾರಾಯಣಪ್ಪ ಮಾವ. ನಮ್ಮ ಬೆಂಚು ಈ ತುದಿಯಲ್ಲಿತ್ತು. ಸದ್ಯ ದೂರ ಇದ್ದಾರೆ ಎಂದು ನಾನು ಕ್ಯಾಪು ಕೆಳಗೆ ಎಳೆದುಕೊಂಡು ರುಕ್ಸಾನಾಳ ಮರೆಯಲ್ಲಿ ಕೂತೆ.

ಆಟ ಶುರುವಾಯಿತು. ಖಾಲಿ, ಖಾಲಿ. ಜನ ಕೂ ಅಂದರು. ಮೂರನೆಯದಕ್ಕೆ ಪಾಲಮ್ಮ ಹೊರಟಳು. ಅವಳು ಎದುರಾಳಿಯ ಅಂಕಣದಲ್ಲಿ ಒಂದು ಸುತ್ತು ತಿರುಗಿ ಆ ತುದಿಯವರಿಗೆ ಬೆನ್ನು ಕಂಡದ್ದೇ ತಡ, ಅಲ್ಲಿಂದ ಒಂದು ಗಂಟಲು ಎದ್ದಿತು.

“ಲಕ್ಷ್ಮೀ! ಬಿಡಬೇಡಮ್ಮಾ ಲಕ್ಷ್ಮೀ!”

ನಾಯನ ಎದ್ದು ನಿಂತಿದ್ದ. ಟವೆಲ್ ಗಿರಗಿರ ತಿರುಗಿಸುತ್ತಿದ್ದ. ಪಾಲಮ್ಮ ಒಬ್ಬಳನ್ನು ಮುಟ್ಟಿ ಬಂದಾಗ ಅಕ್ಕಪಕ್ಕದವರ ಬೆನ್ನಿಗೆ ಗುದ್ದಿ, ಅವಳ ಕಡೆ ಬೆರಳು ತೋರಿಸಿ ಏನೋ ಹೇಳುತ್ತಿದ್ದ. ಬೀದಿಯವರಿಗೆ ನಾನು ಆಟದ ಬಟ್ಟೆಯಲ್ಲಿ ಹೇಗೆ ಕಾಣುತ್ತೇನೆಂದೇ ಗೊತ್ತಿರಲಿಲ್ಲ. ಅದೇ ಎತ್ತರ, ಅದೇ ಜಡೆ, ಬೆನ್ನ ಮೇಲೆ ಹೆಸರು. ಅವರೂ ಕೂಗಿದರು.

ರುಕ್ಸಾನಾ ಕಟ್ಟಿದ ಗಂಟಲಲ್ಲೇ ಪಿಸುಗುಟ್ಟಿದಳು. “ಏಯ್, ಅವ್ರು ನಿಮ್ಮಪ್ಪ ಅಲ್ವೇನೇ? ಯಾರನ್ನ ಕೂಗ್ತಾವ್ರೆ?”

ನನಗೂ ಅರ್ಥವಾಗಿರಲಿಲ್ಲ. ಬೀದಿಯವರು ಬಿಡು, ಹೆತ್ತ ಅಪ್ಪ! ಮೊದಲರ್ಧ ಮುಗಿಯುವವರೆಗೂ ಪಾಲಮ್ಮ ರೈಡಿಗೆ ಹೋದಾಗಲೆಲ್ಲ ಅವನು ನನ್ನ ಹೆಸರು ಕೂಗಿದ. ಅಷ್ಟು ಸಂತೋಷ ಅವನ ದನಿಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಪ್ರತಿ ಕೂಗಿಗೂ ನಾನು ಕೋಟಿನೊಳಗೆ ಸ್ವಲ್ಪ ಸ್ವಲ್ಪ ಕುಗ್ಗಿದೆ.

ಆಗ ನಾನು ಮರೆತೇಬಿಟ್ಟಿದ್ದ ಒಂದು ಸಂಗತಿ ನಡೆಯಿತು. ಅರ್ಧ ಆಟ ಮುಗಿದ ಮೇಲೆ ತಂಡಗಳು ಅಂಕಣ ಬದಲಿಸುತ್ತವೆ. ಜತೆಗೆ ಬೆಂಚಿನವರೂ ಆ ಕಡೆಗೆ ಹೋಗಬೇಕು. ನಾನು ಇಲ್ಲೇ ಇರುತ್ತೇನೆ ಎಂದೆ. ರೆಫರಿ ಬಿಡಲಿಲ್ಲ. ರುಕ್ಸಾನಾಳ ಒಳ್ಳೆಯ ಹೆಗಲನ್ನು ಒಂದು ಕಡೆ, ಇನ್ನೊಬ್ಬಳ ಹೆಗಲನ್ನು ಮತ್ತೊಂದು ಕಡೆ ಹಿಡಿದು, ಕ್ಯಾಪಿನಡಿ ಮುಖ ಮರೆಸಿಕೊಂಡು ಒಂಟಿಕಾಲಲ್ಲಿ ಕುಂಟುತ್ತ ಇಡೀ ಊರಿನ ಮುಂದೆ ಆ ಮೈದಾನವನ್ನು ದಾಟಿದೆ. ಸರ್ ಕಟ್ಟಿದ್ದ ಹೆದರಿಕೆಯ ನಾಟಕ ಅಲ್ಲಿಗೆ ಮುಗಿಯಿತು. ಎದುರಾಳಿ ಹುಡುಗಿಯರು ನಕ್ಕಿದ್ದು ಕೇಳಿಸಿತು. ನಮ್ಮ ಬೆಂಚನ್ನು ಇಟ್ಟದ್ದು ಸರಿಯಾಗಿ ನಾಯನ ಕೂತ ಸಾಲಿನ ಮುಂದೆ, ಅವನಿಗೆ ಬೆನ್ನು ಮಾಡಿ.

ಕೂತೆ. ಕೂರುವಾಗ ನೋವಿಗೆ ಬಾಯಿಂದ “ಅಮ್ಮಾ” ಎಂದು ಬಂತು. ಹಿಂದೆ ತಿರುಗಲಿಲ್ಲ. ಕಾಲು ಮಡಚಲಾಗದೆ ಉದ್ದಕ್ಕೆ ಚಾಚಿತ್ತು. ಆಟ ಮತ್ತೆ ಶುರುವಾಯಿತು. ಪಾಲಮ್ಮ ರೈಡಿಗೆ ಹೋದಳು. ಹಿಂದಿನಿಂದ ಕೂಗು ಬರಲಿಲ್ಲ. ಅವಳು ಮುಟ್ಟಿ ಬಂದಳು. ಆಗಲೂ ಬರಲಿಲ್ಲ. ನೋಡಿದ್ದಾನೆ, ಗೊತ್ತಾಗಿದೆ, ಎಂದು ನನ್ನ ಬೆನ್ನು ಹೇಳಿತು.

ಅವಳು ಮುಂದಿನ ಸಲ ಹೊರಟಾಗ ದನಿ ಬಂತು. “ಲಕ್ಷ್ಮೀ...”

ಅದೇ ಹೆಸರು. ದನಿ ಬೇರೆ. ಮಗ್ಗದಲ್ಲಿ ತಪ್ಪಿದ ಎಳೆಯನ್ನು ಯಾರಿಗೂ ಕಾಣದಂತೆ ಸೇರಿಸುವಾಗಿನ ಎಚ್ಚರ ಆ ದನಿಯಲ್ಲಿತ್ತು. ಬೀದಿಯವರಿಗೆ ಇನ್ನೂ ತಿಳಿದಿರಲಿಲ್ಲ, ತಿಳಿಯಬಾರದು ಎಂದು ಅವನು ಕೂಗುತ್ತಿದ್ದ. ಕೈಯಳತೆಯಲ್ಲಿ ನಾನು ಕೂತಿದ್ದೆ, ಅವನು ನನ್ನ ತಲೆಯ ಮೇಲಿಂದ ಇನ್ನೊಬ್ಬಳನ್ನು ನನ್ನ ಹೆಸರಿನಿಂದ ಕರೆಯುತ್ತಿದ್ದ.

ಆ ರೈಡಿನಲ್ಲಿ ಪಾಲಮ್ಮ ಇಬ್ಬರನ್ನು ಒಟ್ಟಿಗೆ ಔಟ್ ಮಾಡಿ, ಮೂರನೆಯವಳು ಸೊಂಟ ಹಿಡಿದರೂ ಎಳೆದುಕೊಂಡೇ ನಡುಗೆರೆಗೆ ಬಿದ್ದಳು. ಮೈದಾನವೆಲ್ಲ ಎದ್ದಿತು. “ಲಕ್ಷ್ಮೀ! ಲಕ್ಷ್ಮೀ!” ಅದರ ನಡುವೆ ನಾರಾಯಣಪ್ಪ ಮಾವನ ದನಿ ಎಲ್ಲರಿಗಿಂತ ಜೋರಾಗಿ ಕೇಳಿಸಿತು. “ನಮ್ಮ ಅಕ್ಕನ ಮಗಳು ಕಣ್ರಯ್ಯಾ! ನಮ್ಮನೆ ಹುಡುಗಿ!”

ಪಾಲಮ್ಮ ದೂಳು ಒರೆಸಿಕೊಂಡು ಸುತ್ತ ನೋಡಿದಳು. ಇಡೀ ಊರು ಕೂಗುತ್ತಿದೆ, ಒಬ್ಬರ ಬಾಯಲ್ಲೂ ಅವಳ ಹೆಸರಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ಕುಣಿದವಳ ಮುಖದಲ್ಲಿ ಆಗ ಒಂದು ಗಲಿಬಿಲಿ ಕಂಡಿತು. ಅಷ್ಟು ಸಾಕಾಯಿತು ನನಗೆ. ರುಕ್ಸಾನಾಳ ಹೆಗಲು ಹಿಡಿದು ಒಂಟಿಕಾಲ ಮೇಲೆ ಎದ್ದೆ. ಕ್ಯಾಪು ತೆಗೆದೆ.

“ಪಾಲಮ್ಮಾ!” ಎಂದು ಕೂಗಿದೆ. “ಶಹಬ್ಬಾಸ್ ಪಾಲಮ್ಮಾ!”

ಹಿಂದೆ ಗದ್ದಲ ತಟ್ಟನೆ ಇಳಿಯಿತು. ಮಾವ ಬಗ್ಗಿ ನನ್ನ ಮುಖ ನೋಡಿದ. “ಲಕ್ಷ್ಮಿ? ನೀನ್ ಇಲ್ಲಿದೀಯ... ಮತ್ತೆ ಅದ್ಯಾರು?” ನನ್ನ ಕಾಲು ನೋಡಿದ. ಆಮೇಲೆ ನಾಯನನನ್ನು ನೋಡಿದ. ಹೇಳಬೇಕಾದ್ದೆಲ್ಲ ಅವನ ಮುಖದಲ್ಲೇ ಇತ್ತು.

ನಾಯನ ನಿಧಾನಕ್ಕೆ ಎದ್ದು ಬೆಂಚಿನ ಪಕ್ಕಕ್ಕೆ ಬಂದು ನೆಲದ ಮೇಲೆ ಕೂತ. ನನ್ನ ಚಾಚಿದ ಕಾಲಿಗೆ ಬಿಸಿಲು ಬೀಳುತ್ತಿತ್ತು. ಟವೆಲ್ಲನ್ನು ಅದರ ಮೇಲೆ ಹೊದಿಸಿದ.

“ಅದು ಪಾಲಮ್ಮ ಅಂತೆ,” ಎಂದ, ಹಿಂದೆ ತಿರುಗದೆ, ಎಲ್ಲರಿಗೂ ಕೇಳುವ ಹಾಗೆ. “ನನ್ನ ಮಗಳು ಇಲ್ಲೈದಾಳೆ. ಕಾಲಿಗೆ ಪೆಟ್ಟಾಗೈತೆ.”

ಆಮೇಲೆ ಆಟ ಮುಗಿಯುವವರೆಗೂ ಪಾಲಮ್ಮ ರೈಡಿಗೆ ಹೋದಾಗಲೆಲ್ಲ ನಾವಿಬ್ಬರೂ ಅವಳ ಹೆಸರು ಕೂಗಿದೆವು. ಕೊನೆಯ ರೈಡಿನಲ್ಲಿ ಅವಳು ಸಿಕ್ಕಿಬಿದ್ದಳು. ಚಾಚಿದ ಬೆರಳಿಗೂ ನಡುಗೆರೆಗೂ ಒಂದು ಗೇಣು ಅಂತರ. ಒಂದೇ ಪಾಯಿಂಟಿನಲ್ಲಿ ಸೋತೆವು. ತಿಪ್ಪೇಸ್ವಾಮಿ ಸರ್ ಎಲ್ಲರ ತಲೆಯನ್ನೂ ಒಂದೊಂದಾಗಿ ಸವರಿ, “ಇಲ್ಲೀ ತನಕ ಬಂದ್ವಲ್ರವ್ವ, ಇಬ್ಬರಿಲ್ದೆ” ಅಂದರು. ಪಾಲಮ್ಮ ಮಾತ್ರ ಅಂಕಣದಿಂದ ಏಳಲಿಲ್ಲ. ಮಂಡಿಗಳ ನಡುವೆ ಮುಖ ಹುದುಗಿಸಿಕೊಂಡಿದ್ದಳು. ನಾನು ಕುಂಟುತ್ತ ಹೋಗಿ ಪಕ್ಕದಲ್ಲಿ ನಿಂತೆ.

“ನಿನ್ ಹೆಸರು ಹಾಕ್ಕೊಂಡು ಸೋತ್ಬಿಟ್ನಲ್ಲಕ್ಕ,” ಅಂದಳು. “ನಿಮ್ಮೂರಲ್ಲೇ. ನಾಚ್ಕೆ ಆಗ್ತೈತೆ.”

ಅಷ್ಟರಲ್ಲಿ ನಾಯನ ಬಂದ. ಅವಳೆದುರು ಕುಕ್ಕರಗಾಲಲ್ಲಿ ಕೂತ. “ತಾಯೀ, ನಿನ್ ಹೆಸರು ಗೊತ್ತಿಲ್ದೆ ಏನೇನೋ ಕೂಗ್ಬಿಟ್ಟೆ. ತಪ್ಪು ತಿಳೀಬೇಡ,” ಎಂದ. ಅವನು ಒಬ್ಬರ ಮುಂದೆ ಹಾಗೆ ತಪ್ಪಾಯಿತು ಅಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ತಂಡವನ್ನೆಲ್ಲ ಮನೆಗೆ ಊಟಕ್ಕೆ ಕರೆದ. ಪಾಲಮ್ಮ ಕಣ್ಣೊರೆಸಿಕೊಂಡು, “ಮುದ್ದೆ ಮಾಡ್ತೀರಾ?” ಎಂದು ಕೇಳಿದಳು.

ಊಟ ಮಾಡಿ ಎಲ್ಲರೂ ವ್ಯಾನು ಹತ್ತಿ ಹೋದರು. ನನ್ನನ್ನು ಮನೆಯಲ್ಲೇ ಉಳಿಸಿಕೊಂಡರು. ಅಮ್ಮ ನನ್ನ ಮಂಡಿಗೆ ಹುಣಸೆ ಎಲೆಯ ಬಿಸಿ ಕಟ್ಟು ಕಟ್ಟುತ್ತಿದ್ದಳು. ನಾಯನ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಯಾಕೆ ಹೇಳ್ಲಿಲ್ಲ?” ಎಂದು ಕೇಳಿದ.

“ಮಾವನ ಮುಂದೆ ನಿನಗೆ ಅವಮಾನ ಆಗುತ್ತೆ ಅಂತ.”

“ಕಾಲು ನೋಡಿ ನನಗೆ ಅವಮಾನ ಆಗ್ಲಿಲ್ಲ,” ಅಂದ. “ಎದುರಿಗೆ ಇದ್ದ ಮಗಳ ಗುರುತು ಸಿಗ್ಲಿಲ್ಲವಲ್ಲ. ಯಾರದೋ ಮಗಳನ್ನ ನನ್ನ ಮಗಳು ಅಂತ ಬೀದಿಗೆಲ್ಲ ತೋರಿಸ್ದೆ. ಅದಕ್ಕಾಯ್ತು.”

ಅಮ್ಮ ಕಟ್ಟು ಬಿಗಿಯುತ್ತಲೇ ಬಾಯಿಬಿಟ್ಟಳು. “ಇನ್ನಾದ್ರೂ ಹೇಳ್ತೀಯೋ ಇಲ್ವೋ?” ಎಂದು ನಾಯನನನ್ನು ಕೇಳಿ ನನ್ನ ಕಡೆ ತಿರುಗಿದಳು. “ಯುಗಾದಿಯಿಂದ ನಿಮ್ ನಾಯನಂಗೆ ಕಣ್ಣು ಮಂಜು. ಎಳೆ ಕಾಣಲ್ಲ. ಸೀರೆಯ ಬುಟ್ಟಾ ಹೂವೆಲ್ಲ ನಾನೇ ಹಾಕ್ತಾ ಇದೀನಿ, ಆಯಪ್ಪ ಬರೀ ಮಗ್ಗ ತುಳಿಯೋದು. ಮಗಳಿಗೆ ಹೇಳ್ಬೇಡ, ಆಟ ಬಿಟ್ಟು ಬಂದ್‌ಬಿಡ್ತಾಳ್ ಅಂತ ನನ್ ಬಾಯಿ ಕಟ್ಟಿದ್ದ.”

ನಾಯನ ಆ ಕಡೆ ಮುಖ ತಿರುಗಿಸಿದ. ನಾನು ಈ ಕಡೆ.

ಯುಗಾದಿಯಿಂದ ಈಚೆಗೆ ಎಷ್ಟೋ ಸಲ ನಾನು ಊರಿಗೆ ಬಂದುಹೋಗಿದ್ದೆ. ಅವನೆದುರು ಕೂತು ಉಂಡಿದ್ದೆ, ಗೆದ್ದ ಆಟಗಳ ಕಥೆ ಹೇಳಿದ್ದೆ. ಅವನ ಕಣ್ಣು ನನ್ನ ಮುಖದ ಮೇಲೆ ನೆಲೆ ನಿಲ್ಲದೆ ತಡಕುವುದನ್ನು ಒಂದು ಸಲವೂ ಗಮನಿಸಿರಲಿಲ್ಲ. ಅವನು ಮಗಳನ್ನು ಗುರುತಿಸಲಿಲ್ಲ ಎಂದು ಬೆಂಚಿನ ಮೇಲೆ ಕೂತು ನೊಂದುಕೊಂಡವಳು ನಾನು. ಆ ಸಂಜೆಯ ನಾಚಿಕೆಯ ಮುಂದೆ ಹಾಸ್ಟೆಲಿನದೂ ಮೈದಾನದ್ದೂ ಏನೂ ಅಲ್ಲ.

ದಸರಾ ಕಳೆದ ಮೇಲೆ ಬಳ್ಳಾರಿಯ ಒಂದು ಆಸ್ಪತ್ರೆಗೆ ಹೋದೆವು. ಬಸ್ಸು ಹತ್ತುವಾಗ ಅವನು ನನಗೆ ಹೆಗಲು ಕೊಟ್ಟ, ಇಳಿಯುವಾಗ ನಾನು ಅವನಿಗೆ ಮೆಟ್ಟಿಲು ತೋರಿಸಿದೆ. ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯ ಹಿಂದೆ ಕೂತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು, “ಪೇಷಂಟ್ ಯಾರು?”

ನಾನು ನಾಯನನ ಕಡೆ ಕೈ ತೋರಿಸಿದೆ. ನಾಯನ ನನ್ನ ಕಡೆ ತೋರಿಸಿದ.